ಮುಟ್ಟದೆ ಕಾಣುವ ಹೊತ್ತು

ಮೀಟರು ಸುಳ್ಳು ಹೇಳ್ತದೋ ಖರೇ ಹೇಳ್ತದೋ ನೋಡೂದು ನನ್ನ ಕೆಲಸ. ಬಾಲಾನಗರದ ಒಂದು ಕಾರ್ಖಾನಿಯೊಳಗ ಮೂವತ್ತು ವರ್ಷದ ಮ್ಯಾಲಾತು, ಇದನ್ನೇ ಮಾಡಿಕೋತ ಬಂದೀನಿ. ಒತ್ತಡ ತೋರಿಸೂ ಮೀಟರು ಇರಲಿ, ಎತ್ತರ ತೋರಿಸೂ ಮೀಟರು ಇರಲಿ, ಪಕ್ಕಾ ಮೀಟರಿನ ಬಾಜೂ ಇಟ್ಟು ನೋಡಿ, ಕೂದಲೆಳಿಯಷ್ಟು ಫರಕು ಇದ್ರೂ ಕೆಂಪು ಚೀಟಿ ಹಚ್ಚಿ ವಾಪಸ್ ಕಳಸ್ತೀನಿ. ನನ್ನ ಕೆಂಪು ಚೀಟಿಗೆ ಇಡೀ ಕಾರ್ಖಾನಿ ಹೆದರ್ತದ ಅಂತ ನಾನೇ ಹೇಳಿಕೋತ ತಿರಗ್ತಿದ್ದೆ. ಇಂಥಾ ಶ್ಯಾಣ್ಯಾ ಮನುಷ್ಯಾ ಮನ್ಯಾಗ ಒಂದು ಗಡಿಯಾರ ಕೆಡಿಸಿ, ಹೆತ್ತ ತಾಯಿನ್ನ ಉಪವಾಸ ಕೆಡವಿದ ಕತಿ ಇದು. ಹೇಳಲಿಕ್ಕೆ ನಾಚಿಕಿ ಬರ್ತದ, ಆದ್ರೂ ಹೇಳ್ತೀನಿ. ನಾ ಹೇಳದಿದ್ರ ನನ್ನ ಹೆಂಡತಿ ಹೇಳ್ತಾಳ, ಆಕಿ ಹೇಳಿದ್ರ ನನ್ನ ಮರ್ಯಾದಿ ಇನ್ನೂ ಜಾಸ್ತಿ ಹೋಗ್ತದ.

ಅವ್ವಗ ಎಪ್ಪತ್ತೆಂಟು. ನಮ್ಮ ಮನೆತನ ಮೂಲದಾಗ ರಾಯಚೂರು ಕಡಿದು. ಅಜ್ಜನ ಕಾಲಕ್ಕೇ ಸರಕಾರಿ ನೌಕರಿಗೆ ಅಂತ ಹೈದರಾಬಾದಿಗೆ ಬಂದವರು ಇಲ್ಲೇ ಉಳದೀವಿ. ಹೊರಗ ತೆಲುಗು, ಹಿಂದಿ, ಯಾವುದು ಬಾಯಿಗೆ ಬಂತೋ ಅದನ್ನ ಮಾತಾಡ್ತೀವಿ. ಕಾಚಿಗೂಡದ ಈ ಫ್ಲ್ಯಾಟಿನ ಬಾಗಲಾ ದಾಟಿ ಒಳಗ ಬಂದ್ರ ಮಾತ್ರ ಅವ್ವನ ರಾಜ್ಯ, ಆ ರಾಜ್ಯಕ್ಕ ಮಡಿ ಅನ್ನೂದು ಒಂದೇ ಕಾನೂನು. ಸ್ನಾನಾ ಮಾಡಿ, ಯಾರ ಕೈಗೂ ಸಿಗದಂಗ ಮ್ಯಾಲೆ ಒಣ ಹಾಕಿದ ಸೀರಿ ಉಟಗೊಂಡು ಆಕಿ ಅಡಗಿಮನಿ ಹೊಕ್ಕಳಂದ್ರ ಮುಗೀತು. ಅಡಗಿ ಆಗಿ, ದೇವರಿಗೆ ತೋರಿಸೂತನಾ ಆಕಿನ್ನ ಯಾರೂ ಮುಟ್ಟಂಗಿಲ್ಲ, ಆಕಿನೂ ಹೊರಗಿಂದು ಏನನ್ನೂ ಮುಟ್ಟಂಗಿಲ್ಲ. ಫೋನಂತೂ ದೂರದ ಮಾತು. ಫೋನು ಬಸ್ಸಿನಾಗ ಹೋಗ್ತದ, ಕ್ಯಾಂಟೀನಿನಾಗ ಕೂಡ್ತದ, ಇನ್ನ ಎಲ್ಲೆಲ್ಲೆ ಹೋಗ್ತದೋ ದೇವರಿಗೇ ಗೊತ್ತು ಅಂತ ಆಕಿ ವಾದ. ಎಲ್ಲೆಲ್ಲೆ ಅನ್ನೂದು ನನಗೂ ಗೊತ್ತಿತ್ತು, ಹಿಂಗಾಗಿ ಸುಮ್ಮನಿರ್ತಿದ್ದೆ.

ಹದಿನೈದು ದಿನಕ್ಕೊಮ್ಮೆ ಏಕಾದಶಿ ಬರ್ತದ. ಅವತ್ತು ಅವ್ವ ತುಳಸಿ ತೀರ್ಥ ಬಿಟ್ರ ಏನೂ ಬಾಯಿಗೆ ಹಾಕಂಗಿಲ್ಲ. ಸಕ್ಕರಿ ಕಾಯಿಲೆ ಅದ. ಪ್ರತಿ ಸರ್ತಿ ಡಾಕ್ಟರು ಬೈತಾರ, ಪ್ರತಿ ಸರ್ತಿ ಈಕಿ ಹೂಂ ಅಂತಾಳ, ಮನಿಗೆ ಬಂದು ತನಗ ಬೇಕಾದ್ದೇ ಮಾಡ್ತಾಳ. ನಾನೂ ಏಕಾದಶಿ ಮಾಡ್ತೀನ್ರೀ, ಇಲ್ಲ ಅಂತಲ್ಲ. ಸಾಬೂದಾಣಿ ಖಿಚಡಿ, ನಾಕು ಬಾಳಿಹಣ್ಣು, ಶೇಂಗಾ ಉಂಡಿ, ಮ್ಯಾಲೆ ಕಾರ್ಖಾನಿ ಗೇಟಿನ ಮುಂದಿನ ಇರಾನಿ ಚಾ. ಉಳದ ದಿನಕ್ಕಿಂತ ಅವತ್ತೇ ನನ್ನ ಹೊಟ್ಟಿ ಜಾಸ್ತಿ ತುಂಬಿರ್ತದ.

ಮರುದಿನ ದ್ವಾದಶಿ. ಮುಂಜಾನೆ ಲಗೂನ ಅಡಗಿ ಮಾಡಿ ಊಟಾ ಮಾಡಿ ಉಪವಾಸ ಬಿಡಬೇಕು, ಅದಕ್ಕ ಪಾರಣಿ ಅಂತೀವಿ. ಒಮ್ಮೊಮ್ಮೆ ಏನಾಗ್ತದ ಅಂದ್ರ, ದ್ವಾದಶಿ ತಿಥಿ ಹೊತ್ತು ಹುಟ್ಟಿ ಅರ್ಧ ತಾಸಿನಾಗೇ ಮುಗದು ಹೋಗ್ತದ. ಅಂಥಾ ದಿನ ಪಂಚಾಂಗದಾಗ ಕೊಟ್ಟ ಹೊತ್ತಿನೊಳಗ ತುತ್ತು ಬಾಯಿಗೆ ಬೀಳಬೇಕು, ಇಲ್ಲಾಂದ್ರ ಮಾಡಿದ ಉಪವಾಸ ನೀರಾಗ ಹೋತು ಅಂತ ಅವ್ವನ ಲೆಕ್ಕ. ಲಗ್ನ ಆಗಿ ಈ ಮನಿಗೆ ಬಂದಾಗಿಂದ ಆಕಿ ಒಂದು ಪಾರಣಿನೂ ತಪ್ಪಿಸಿದಾಕಿ ಅಲ್ಲ. ಬಂಗಾರದ ಜಂಭ ಇಲ್ಲ, ಮಗನ ಜಂಭ ಅಂತೂ ಮೊದಲೇ ಇಲ್ಲ, ಇದೊಂದರ ಜಂಭ ಮಾತ್ರ ಅವ್ವಗ ಇತ್ತು. "ನನ್ನ ಕೈ ಹೊತ್ತಿಗೆ ಸರಿಯಾಗಿ ನಡೀತಾವ" ಅಂತ ಹಿಟ್ಟಿನ ಕೈ ಮುಂದ ಹಿಡದು ತೋರಸ್ತಿದ್ದಳು.

ಈ ಹೊತ್ತಿಂದೇ ನನಗ ಕಿರಿಕಿರಿ. ಅಡಗಿಮನ್ಯಾಗ ಹಾಕಿದ ಗಡಿಯಾರ ಒಗ್ಗರಣಿ ಜಿಡ್ಡು ಕುಡದು ನಿಂತುಹೋಗಿತ್ತು. ಪಡಸಾಲಿ ಗಡಿಯಾರ ಮನಸ್ಸಿಗೆ ಬಂದಂಗ ನಡೀತಿತ್ತು, ಮ್ಯಾಲೆ ಒಲಿ ಮುಂದ ನಿಂತವರಿಗೆ ಕಾಣಂಗೂ ಇಲ್ಲ. ಹಿಂಗಾಗಿ ದ್ವಾದಶಿ ಮುಂಜಾನೆ ನಾಲ್ಕೂವರಿಗೆ ಒಳಗಿಂದ ದನಿ ಬರ್ತಿತ್ತು: "ತಮ್ಮಾ, ಎಷ್ಟಾತೋ?" ನಾ ಹಾಸಿಗ್ಯಾಗಿಂದಾನೇ ದಿಂಬಿನ ಕೆಳಗ ಕೈ ಹಾಕಿ, ಫೋನಿನ ಗುಂಡಿ ಒತ್ತಿ, ಕಣ್ಣು ಕುಕ್ಕಿಸಿಕೊಂಡು ಹೇಳ್ತಿದ್ದೆ. ಇನ್ನೇನು ಕಣ್ಣು ಮುಚ್ಚಬೇಕು, ಮತ್ತ "ತಮ್ಮಾ, ಈಗೆಷ್ಟಾತೋ?" ಒಂದು ದ್ವಾದಶಿಗೆ ಕಡಿಮಿ ಅಂದ್ರೂ ಎಂಟು ಸರ್ತಿ. ನ್ಯಾಯದ ಮಾತು ಹೇಳಬೇಕಂದ್ರ ಆ ಹೊತ್ತಿಗೆ ನಾ ಎದ್ದು ಸ್ನಾನಾ ಮಾಡಿ ದೇವರ ಪೂಜಿ ಮಾಡಬೇಕಾದವ. ಅದನ್ನ ಬಸ್ಸಿನ ನೆಪಾ ಹೇಳಿ ಯಾವಾಗೋ ಆಕಿ ಮ್ಯಾಲೇ ಹಾಕಿಬಿಟ್ಟಿದ್ದೆ.

ಹಿಂಗಿದ್ದಾಗ ನನ್ನ ಹಳೇ ಫೋನು ಬಿದ್ದು ಒಡೀತು. ಹೊಸಾದು ತಗೊಳ್ಳಲಿಕ್ಕೆ ಅಬಿಡ್ಸಿಗೆ ಹೋದೆ. ಅಂಗಡಿಯ ಗಡ್ಡದ ಮಾಲಕ ಒಂದು ಫೋನು ಕೌಂಟರಿನ ಮ್ಯಾಲೆ ಇಟ್ಟು, ತನ್ನ ಎರಡೂ ಕೈ ಬೆನ್ನ ಹಿಂದ ಕಟಗೊಂಡು ನಿಂತ. ಫೋನಿನ ಕನ್ನಡಿ ಕಪ್ಪಗಿತ್ತು, ಆದ್ರ ಆ ಕಪ್ಪಿನಾಗ ಹೊತ್ತು, ತಾರೀಖು ಬೆಳ್ಳಗ ಕಾಣಲಿಕ್ಕತ್ತಿದ್ದವು. "ಸಾಬ್, ಯೇ ಕಭೀ ಸೋತಾ ನಹೀಂ" ಅಂದ. ಇದು ಎಂದೂ ನಿದ್ದಿ ಮಾಡಂಗಿಲ್ಲ ಅಂತ! ಬ್ಯಾಟರಿ ಗತಿ ಏನು ಅಂದೆ. ಹಳೇ ಪರದೆದಾಗ ಹಿಂದೊಂದು ದೀಪಾ ಇರ್ತದ, ಒಂದು ಅಂಕಿ ತೋರಿಸಬೇಕಂದ್ರೂ ಪೂರಾ ದೀಪಾ ಹಚ್ಚಬೇಕು. ಈ ಓಎಲ್‌ಇಡಿ ಒಳಗ ಒಂದೊಂದು ಚುಕ್ಕಿನೂ ತಾನೇ ಬೆಳಗ್ತದ, ಕಪ್ಪು ಕಂಡಲ್ಲೆ ಚುಕ್ಕಿ ಆರಿರ್ತದ, ಕರೆಂಟಿನ ಖರ್ಚಿಲ್ಲ ಅಂತ ಅವ ಹೇಳಿದ. ಅಷ್ಟು ಹೇಳಿ ಬಿಟ್ಟಿದ್ರ ಚಲೋ ಇತ್ತು. ನಾ ಮೀಟರಿನ ಮನುಷ್ಯಾ ನೋಡ್ರಿ, ಸುಮ್ಮನಿರಲಿಕ್ಕಾಗ್ತದೇನು? ಪರದೆ ಅಂದ್ರ ಏನು, ಬೆಳಕು ಅಂದ್ರ ಏನು ಅಂತ ಅವಗೇ ತಿರುಗಿ ಪಾಠಾ ಮಾಡಿದೆ. ಹಿಂದ ನಿಂತಿದ್ದ ಇಬ್ಬರು ಗಿರಾಕಿಗಳು ಬ್ಯಾರೆ ಅಂಗಡಿಗೆ ಹೋದರು.

ಪಾಠದ ನಡುವೇ ನನ್ನ ತಲ್ಯಾಗ ಬೆಳಕು ಬಿತ್ತು. ಮುಟ್ಟದೇ ಹೊತ್ತು ಕಾಣ್ತದಂದ್ರ ಇದು ಮಡಿಗೆ ನಡೀತದಲ್ಲಾ! ಮನಿಗೆ ಬಂದು ಹೆಂಡತಿ ಮುಂದ, "ಇನ್ನ ಮ್ಯಾಲೆ ದ್ವಾದಶಿ ದಿನಾನೂ ನಾ ಆರೂವರಿತನಾ ಮಲಗ್ತೀನಿ ನೋಡು" ಅಂದೆ. "ಉಳದ ದಿನ ಏನು ನಾಲ್ಕಕ್ಕ ಏಳ್ತೀರೇನ್ರೀ?" ಅಂದು ಆಕಿ ಕಾಯಿಪಲ್ಯೆ ಹೆಚ್ಚಲಿಕ್ಕೆ ಹೋದಳು.

ಮುಂದಿನ ಏಕಾದಶಿ ರಾತ್ರಿ ಅಡಗಿಮನಿ ಹೊಸ್ತಿಲದ ಹೊರಗ ಒಂದು ಸ್ಟೂಲು ಹಾಕಿ, ನನ್ನ ಟಿಫಿನ್ ಡಬ್ಬಿಗೆ ಫೋನು ಆನಿಸಿ ಇಟ್ಟೆ. ಅಂಕಿ ದೊಡ್ಡದು ಮಾಡಿದ್ದೆ. ಅವ್ವ ಒಲಿ ಹತ್ತಿರ ನಿಂತು, ಕುತ್ತಿಗಿ ಉದ್ದ ಮಾಡಿ ನೋಡಿದಳು.

"ಇದಕ್ಕ ಯಾರೂ ಕೈ ಹಚ್ಚಬೇಕಾಗಿಲ್ಲೇನು?"

"ಬಿಲ್ಕುಲ್ ಇಲ್ಲ."

"ರಾತ್ರಿ ಪೂರ್ತಿ ಹಿಂಗೇ ಎಚ್ಚರ ಇರ್ತದೇನು?"

"ಹೂಂ, ಅವ್ವಾ."

"ಪಾಪ" ಅಂದಳು ಅವ್ವ.

"ಇನ್ನ ನನ್ನ ಕೇಳೂ ಕೆಲಸಾನೇ ಇಲ್ಲ, ತಿಳೀತಿಲ್ಲೋ?" ಅಂದೆ. ನಗಕೋತನೇ ಅಂದೆ, ಆದ್ರ ಅದರಾಗ ಎಷ್ಟೋ ವರ್ಷದ ನಿದ್ದಿಗೆಟ್ಟ ಸಿಟ್ಟೂ ಇತ್ತು. ಅವ್ವಗ ಅದು ತಿಳೀಲಿಲ್ಲ ಅಂತ ಆವಾಗ ಅನಕೊಂಡಿದ್ದೆ.

ಮರುದಿನ ನಾ ಏಳೂದರೊಳಗ ಪಾರಣಿ ಸುಸೂತ್ರ ಮುಗದಿತ್ತು. ಅವ್ವನ ಒಂದೇ ತಕರಾರು: ರಾತ್ರಿ ಅಂಕಿ ಮ್ಯಾಲಿದ್ದವಂತ, ಮುಂಜಾನೆ ನೋಡಿದ್ರ ತುಸು ಕೆಳಗ ಸರದಿದ್ದವಂತ. "ಕೆಟ್ಟದ ನೋಡದು." ನಾ ನಕ್ಕೆ. ಒಂದೇ ಜಾಗಾದಾಗ ಬೆಳಗಿಕೋತ ಕೂತ್ರ ಅಲ್ಲಿನ ಚುಕ್ಕಿ ಸವದು ಕನ್ನಡಿ ಮ್ಯಾಲೆ ಅಂಕಿ ಕಲಿ ಬೀಳ್ತದ, ಅದಕ್ಕ ತಾನೇ ಆಗಾಗ ಜಾಗಾ ಬದಲಸ್ತದ ಅಂತ ಬಿಡಿಸಿ ಹೇಳಿದೆ. ಅವ್ವ ಕೇಳಿ, "ನಿನಗಿಂತ ಶ್ಯಾಣ್ಯಾ ಅದ. ನೀ ಬಿದ್ದಲ್ಲೇ ಬಿದ್ದಿರ್ತಿ" ಅಂದಳು. ಬೆರಳಷ್ಟೂ ಸರೀದ ಅಂಕಿ ಆಕಿ ಕಣ್ಣಿಗೆ ಹೆಂಗ ಬಿತ್ತು ಅಂತ ನನಗ ಆಶ್ಚರ್ಯ. ಮೂವತ್ತು ವರ್ಷ ಮೀಟರು ನೋಡಿದವ ನಾನು, ನನಗ ಅದು ಕಂಡೇ ಇರಲಿಲ್ಲ.

ಕಾರ್ಖಾನಿಯೊಳಗ ನಾ ಈ ಸಾಹಸಾ ಹೇಳದ ಟೇಬಲ್ಲಿಲ್ಲ. ನನ್ನ ಬಾಜೂ ಕೂಡೂ ವಿಜಯಪುರದಂವ ಒಬ್ಬನೇ ಬಾಯಿ ಮುಚ್ಚಿಸಿದ. "ನಿಮ್ಮವ್ವಗ ಗಡಿಯಾರ ಬೇಕಾಗಿರಲಿಲ್ಲಪಾ, ನಿನಗ ನಿದ್ದಿ ಬೇಕಾಗಿತ್ತು. ಅಷ್ಟೇ ಐತಿ ಇದರಾಗ. ಖರೇ ಹೇಳಾಕತ್ತೀನಿ, ಸಿಟ್ಟಾಗಬ್ಯಾಡ." ನಾ ಸಿಟ್ಟಾದೆ. ಅವನ ಹತ್ತಿರ ಎರಡು ದಿನ ಮಾತಾಡಲಿಲ್ಲ.

ಈ ನಡುವ ಅದೇ ನಿದ್ದಿ ದೆಸಿಯಿಂದ ನನಗ ಕಾರ್ಖಾನಿ ಬಸ್ಸು ಒಂದೇ ವಾರದಾಗ ಮೂರು ಸರ್ತಿ ತಪ್ಪಿತು. ನನಗಿಂತ ಹತ್ತು ವರ್ಷ ಸಣ್ಣ ಇರೂ ಬೆಂಗಳೂರಿನ ಸಾಹೇಬರು ಎಲ್ಲಾರ ಮುಂದ ಕರದು, "ಏನ್ ಸಾರ್, ಗಡಿಯಾರ ಚೆಕ್ ಮಾಡೋದು ನಿಮ್ಮ ಡಿಪಾರ್ಟ್‌ಮೆಂಟೇ ಅಲ್ವಾ?" ಅಂದರು. ಮೈ ಉರೀತು. ಮನಿಗೆ ಬಂದವನೇ ಫೋನಿನ ಸೆಟ್ಟಿಂಗಿನೊಳಗ ಹೋಗಿ, ಹೊತ್ತು ತಾನೇ ಸರಿಮಾಡಿಕೊಳ್ಳೂ ಸವಲತ್ತು ಬಂದ್ ಮಾಡಿ, ಗಡಿಯಾರನ್ನ ಇಪ್ಪತ್ತು ನಿಮಿಷ ಮುಂದ ಇಟ್ಟೆ. ಕೆಡಸಲಿಕ್ಕತ್ತೀನಿ ಅಂತ ನನಗ ಒಂದು ಚೂರೂ ಅನಸಲಿಲ್ಲ, ಸುಧಾರಿಸಲಿಕ್ಕತ್ತೀನಿ ಅನಿಸ್ತು. ಕಾರ್ಖಾನಿಯೊಳಗ ಯಾರರೆ ಇಂಥಾ ಮೀಟರು ತಂದಿದ್ರ ಎರಡು ಕೆಂಪು ಚೀಟಿ ಹಚ್ಚಿ ಕಳಸ್ತಿದ್ದೆ. ಎರಡು ದಿನ ಹೆದರಿ ಓಡಿಹೋಗಿ ಬಸ್ಸು ಹಿಡದೆ. ಮೂರನೇ ದಿನ, ಹೆಂಗೂ ಇಪ್ಪತ್ತು ನಿಮಿಷ ಕೈಯಾಗ ಅದಲ್ಲ ಅಂತ ಮನಸ್ಸಿನಾಗೇ ಕಳದು ಮತ್ತ ಮುಸುಕು ಹಾಕಿಕೊಂಡೆ, ಬಸ್ಸು ಮತ್ತ ತಪ್ಪಿತು.

ಆಮ್ಯಾಲೆ ಏಕಾದಶಿ ಬಂತು. ಮರುದಿನದ ದ್ವಾದಶಿ ಆರೂ ಮೂವತ್ತೈದಕ್ಕ ಮುಗೀತದ ಅಂತ ಅವ್ವ ಪಂಚಾಂಗ ನೋಡಿ ಎರಡು ಸರ್ತಿ ಹೇಳಿದಳು. ನಾ ಖಿಚಡಿ ತಿಂದು ತೇಗಿ, ಸ್ಟೂಲು ಹಾಕಿ, ಡಬ್ಬಿಗೆ ಫೋನು ಆನಿಸಿ, ಮಲಗಿದೆ. ಇಪ್ಪತ್ತು ನಿಮಿಷದ ನೆನಪು ನನ್ನ ತಲ್ಯಾಗ ಎಲ್ಲೂ ಇರಲಿಲ್ಲ, ದೇವರಾಣಿ.

ಬೆಳಗಿನ ನಿದ್ದಿಯೊಳಗ ನನಗ ನೆನಪಿದ್ದದ್ದು ಒಂದೇ. ಪಾತ್ರೆ ಸಪ್ಪಳ ಎಂದಿಗಿಂತ ಜೋರಿತ್ತು, ಏನೋ ಬಿದ್ದಂಗಾತು. ಆಮ್ಯಾಲೆ ಯಾರೋ ಬಂದು ನನ್ನ ಕೋಣಿ ಬಾಗಲದಾಗ ನಿಂತಂಗ ಅನಿಸ್ತು. ಅವ್ವನೇ ಅಂತ ತಿಳೀತು. ಏನರೆ ಕೇಳ್ತಾಳೇನೋ ಅಂತ ನಾ ಮುದ್ದಾಂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡೆ. ಆಕಿ ಏನೂ ಕೇಳಲಿಲ್ಲ, ಹೋದಳು.

ಎದ್ದಾಗ ನನಗೂ ಹೆಂಡತಿಗೂ ಬಡಸಿದಳು. ಅಗಸಿ ಸೊಪ್ಪಿನ ಪಲ್ಯಾ, ನೆಲ್ಲಿಕಾಯಿ ಚಟ್ನಿ, ಹುಣಸಿಹಣ್ಣು ಹಾಕದ ಸಾರು. "ನಿಂದು ಆತೇನವ್ವಾ?" ಅಂದ್ರ, "ನಂದಾತು" ಅಂದಳು. ಬಲಗೈ ಬೆರಳಿಗೆ ಅರಿಷಿಣ ಹಚಗೊಂಡಿದ್ದಳು, ಏನಾತು ಅಂತ ನಾ ಕೇಳಲಿಲ್ಲ. ಬಸ್ಸಿಗೆ ಓಡಿದೆ.

ಮಧ್ಯಾಹ್ನ ಕ್ಯಾಂಟೀನಿನಾಗ ಅದೇ ಅಗಸಿ ಪಲ್ಯಾದ ಡಬ್ಬಿ ಬಿಚ್ಚಿ ಕೂತಿದ್ದೆ, ಹೆಂಡತಿ ಫೋನು ಬಂತು. "ಅತ್ತಿಯವರು ತಲಿ ತಿರಗಿ ಬಿದ್ದಾರ, ಕೆಳಗಿನ ಮನಿ ಡಾಕ್ಟರಮ್ಮ ಬಂದು ನೋಡಲಿಕ್ಕತ್ತಾರ. ಸಕ್ಕರಿ ಪೂರಾ ಇಳದದಂತ. ಮುಂಜಾನೆ ಊಟಾನೇ ಮಾಡಿಲ್ಲರೀ ಅವರು! ಗ್ಲುಕೋಸ್ ನೀರು ಕೊಟ್ರ ಹಲ್ಲು ಕಚ್ಚಿಕೊಂಡು ಕೂತಾರ. ನೀವು ಲಗೂನ ಬರ್ರಿ."

ಆಟೋದಾಗ ಬಾಲಾನಗರದಿಂದ ಕಾಚಿಗೂಡತನಾ ನನ್ನ ಜೀವದಾಗ ಜೀವ ಇರಲಿಲ್ಲ. ಹೋಗಿ ನೋಡಿದ್ರ ಅವ್ವ ಗ್ವಾಡಿಗೆ ಆನಿ ನೆಲದ ಮ್ಯಾಲೆ ಕೂತಿದ್ದಳು, ಮಾರಿ ಬೆಳ್ಳಗಾಗಿತ್ತು. ಹೆಂಡತಿ ಗ್ಲಾಸು ಹಿಡಕೊಂಡು ಬಾಜೂ ಕೂತಿದ್ದಳು. ಡಾಕ್ಟರಮ್ಮ ತೆಲುಗಿನಾಗ ಬೈದು ಬೈದು ಸಾಕಾಗಿ, ಹತ್ತು ನಿಮಿಷದಾಗ ಕುಡೀದಿದ್ರ ದವಾಖಾನಿಗೆ ಒಯ್ಯಬೇಕಾಗ್ತದ ಅಂತ ಹೇಳಿ ಗಾಡಿ ತರಲಿಕ್ಕೆ ಹೋಗಿದ್ದರು.

"ಅವ್ವಾ, ಇದೇನ ಹುಚ್ಚಾಟ? ಕುಡಿ!"

"ಪಾರಣಿ ತಪ್ಪಿತೋ" ಅಂದಳು. ದನಿ ಭಾಳ ಸಣ್ಣಗಿತ್ತು. "ಮೂರೇ ಮೂರು ನಿಮಿಷಕ್ಕ ತಪ್ಪಿತು. ಎದ್ದದ್ದೇ ತಡಾ ಆಗಿತ್ತು. ಗಡಬಡಸಿದೆ, ಸಾರಿನ ಪಾತ್ರೆ ಇಳಸೂಮುಂದ ಕೈ ಸುಟಗೊಂಡೆ. ಎಲಿ ಹಾಕಿ ತಿರುಗಿ ನೋಡ್ತೀನಿ, ನಿನ್ನ ಫೋನಿನಾಗ ಆರೂ ಮೂವತ್ತೆಂಟು. ಇನ್ನ ನಾಳಿ ಹೊತ್ತು ಹುಟ್ಟೂತನಾ ನಾ ಏನೂ ತಗೊಳ್ಳಂಗಿಲ್ಲ. ತಪ್ಪು ನಂದು." ಹೆಂಡತಿ ಕಡೆ ತಿರುಗಿ, "ನನ್ನ ಕೈ ಜಡಾ ಬಿದ್ದಾವವ್ವಾ. ಮುಂದಿನ ಸರ್ತಿಯಿಂದ ಮಡಿ ಅಡಗಿ ನೀನೇ ಮಾಡು. ನನ್ನ ಕಾಲ ಮುಗೀತು" ಅಂದಳು. ಕಣ್ಣಾಗ ನೀರು ತುಂಬಿದ್ದವು. ಅಪ್ಪ ತೀರಿಕೊಂಡ ಮ್ಯಾಲೆ ಅವ್ವ ಅತ್ತದ್ದು ನಾ ನೋಡಿದ್ದು ಅದೇ ಮೊದಲು.

ಆರೂ ಮೂವತ್ತೆಂಟು ಅಂದದ್ದೇ ತಡ, ಕಿಸೆದಾಗಿಂದ ಫೋನು ತಗದೆ. ಕಪ್ಪು ಕನ್ನಡಿ ಮ್ಯಾಲೆ ಎರಡು ಗಂಟಿ ಐದು ನಿಮಿಷ. ಹೆಂಡತಿ ಫೋನು ಎತ್ತಿ ನೋಡಿದೆ, ಒಂದೂ ನಲವತ್ತೈದು. ಎರಡನ್ನೂ ಬಾಜೂ ಬಾಜೂ ಹಿಡದೆ, ಮೂವತ್ತು ವರ್ಷ ಕಾರ್ಖಾನಿಯೊಳಗ ಹಿಡದಂಗ. ಹೆಂಡತಿ ಒಮ್ಮೆ ಫೋನು ನೋಡಿದಳು, ಒಮ್ಮೆ ನನ್ನ ನೋಡಿದಳು. ಆಕಿ ಬಾಯಿ ಬಿಟ್ಟು ಬೈದಿದ್ರ ಎಷ್ಟೋ ಪಾಡಿತ್ತು.

"ಅವ್ವಾ, ತಪ್ಪು ನಿಂದಲ್ಲ. ಈ ಗಡಿಯಾರ ಇಪ್ಪತ್ತು ನಿಮಿಷ ಮುಂದದ. ನಾನೇ ಇಟ್ಟಿದ್ದೆ. ನೀ ಎಲಿ ಹಾಕಿದಾಗ ಆರೂ ಹದಿನೆಂಟು ಆಗಿತ್ತು, ಅಷ್ಟೇ."

ಅವ್ವ ಬೆರಳು ಮಡಚಿ ಎಣಿಸಿದಳು. ಸುಟ್ಟ ಬೆರಳನ್ನ ಮಾತ್ರ ಮಡಚಲಿಲ್ಲ.

"ಹಂಗಾದ್ರ ಇನ್ನೂ ಹದಿನೇಳು ನಿಮಿಷ ಇತ್ತು?"

"ಇತ್ತವ್ವಾ."

"ಯಾಕ ಮುಂದಿಟ್ಟಿದ್ದಿ?"

"ಬಸ್ಸು ತಪ್ಪಬಾರದಂತ."

"ಸಿಗ್ತೇನು ಬಸ್ಸು?"

"ಇಲ್ಲ" ಅಂದೆ.

"ಹಂಗಾದ್ರ ಶಿಕ್ಷಾನೂ ನಂದಲ್ಲ" ಅಂದು ಅವ್ವ ಸೊಸಿ ಕೈಯಾಗಿಂದ ಗ್ಲಾಸು ಇಸಗೊಂಡು ಗಟಗಟ ಕುಡದಳು. ನಾ ಆಕಿ ಕಾಲ ಹತ್ತಿರ ಕೂತೆ. "ನನ್ನ ಒಂದು ಸರ್ತಿ ಕೇಳಬಾರದಾಗಿತ್ತೇನವ್ವಾ? ಬಾಗಲದಾಗ ಬಂದು ನಿಂತಿದ್ದಿ" ಅಂದೆ. ಬಾಯಿ ತಪ್ಪಿ ಬಂದ ಮಾತು. ನಾ ಎಚ್ಚರಿದ್ದೆ ಅನ್ನೂದು ಅದರಾಗೇ ಹೊರಗ ಬಿತ್ತು.

"ಕೇಳಬ್ಯಾಡ ಅಂದಿದ್ದಿಯಲ್ಲ" ಅಂದಳು. ಸಿಟ್ಟಿಲ್ಲ, ಸೆಡವಿಲ್ಲ, ಸಾರಿಗೆ ಉಪ್ಪು ಕಡಿಮಿ ಆಗ್ಯದ ಅನ್ನೂವಂಗ ಅಂದಳು. ಅವತ್ತು ನನಗ ನನ್ನ ಮ್ಯಾಲೆ ಬಂದಷ್ಟು ಹೇಸಿಗಿ ಹಿಂದೆಂದೂ ಬಂದಿರಲಿಲ್ಲ.

ಸಂಜೀತನಾ ಅವ್ವ ಹುಷಾರಾದಳು. ಫೋನಿನ ಹೊತ್ತು ಅವತ್ತೇ ಸರಿಮಾಡಿದೆ. ಮೂರು ದಿನ ಹೆಂಡತಿ ಫೋನಿನ ಜೋಡಿ, ಟಿವಿ ಜೋಡಿ, ರೈಲ್ವೆ ಸ್ಟೇಷನ್ನಿನ ಗಡಿಯಾರದ ಜೋಡಿ ತಾಳೆ ನೋಡಿದೆ. ಮುಂದಿನ ಏಕಾದಶಿ ರಾತ್ರಿ, "ಅವ್ವಾ, ಅಡಗಿ ನೀನೇ ಮಾಡಬೇಕು. ನಾನೂ ನಾಲ್ಕಕ್ಕ ಏಳ್ತೀನಿ, ಪೂಜಿ ಮಾಡ್ತೀನಿ, ನೂರು ಸರ್ತಿ ಬೇಕಾದ್ರೂ ಹೊತ್ತು ಕೇಳು" ಅಂದೆ. ಹೂಂ ಅಂದಳು. ಡಾಕ್ಟರಿಗೆ ಅಂತಿದ್ದಳಲ್ಲ, ಅದೇ ಹೂಂ.

ನಾ ಖರೇನೇ ನಾಲ್ಕಕ್ಕ ಎದ್ದೆ. ಅಡಗಿಮನಿಗೆ ಹೋಗಿ ನೋಡಿದ್ರ ಒಲಿ ಆರಿತ್ತು. ಅನ್ನ, ಸಾರು, ಪಲ್ಯಾ ಎಲ್ಲಾ ಆಗಿ ಸಾಲಾಗಿ ಮುಚ್ಚಿಟ್ಟಿದ್ದವು. ಅವ್ವ ಮಣಿ ಮ್ಯಾಲೆ ಕೂತು, ಕೈ ಮಡ್ಲಾಗ ಇಟಗೊಂಡು, ಹೊಸ್ತಿಲದಾಚಿನ ಫೋನು ನೋಡಿಕೋತ ಇದ್ದಳು.

"ಇದೇನವ್ವಾ, ಪಾರಣಿಗೆ ಇನ್ನೂ ಎರಡು ತಾಸದ!"

"ಇರಲಿ."

"ಹೋದ ಸರ್ತಿ ತಪ್ಪಿದ್ದು ಗಡಿಯಾರ. ನಿನ್ನ ಕೈ ತಪ್ಪಿಲ್ಲ. ಗೊತ್ತದಲ್ಲ ನಿನಗ?"

"ಗೊತ್ತದಪಾ" ಅಂದಳು. "ಆದ್ರ ಆ ಮೂರು ನಿಮಿಷ ನಾ ಕಣ್ಣಾರೆ ನೋಡೀನಲ್ಲ."

ಸ್ನಾನಾ ಮಾಡಿ ಬಂದು ಪೂಜಿ ಮಾಡಿದೆ, ಮಂತ್ರ ಎರಡು ಕಡೆ ತಪ್ಪಿದೆ, ಅವ್ವ ಎರಡೂ ಕಡೆ ತಿದ್ದಿದಳು. ಆಮ್ಯಾಲೆ ಇಬ್ಬರೂ ಕಾಯಕೋತ ಕೂತ್ವಿ. ಆಕಿ ಕಣ್ಣು ಆ ಬಿಳೇ ಅಂಕಿ ಬಿಟ್ಟು ಅತ್ತಿತ್ತ ಹೋಗಲಿಲ್ಲ. ಹೊತ್ತು ಹುಟ್ಟಿದ ಕೂಡಲೇ ಎಲಿ ಹಾಕಿದಳು. ನಾ ಹುಟ್ಟಿದಾಗಿಂದ ಅವ್ವನ ಕೈಯಾಗಿನ ದ್ವಾದಶಿ ಅನ್ನ ಹೊಗಿ ಆಡಕೋತನೇ ಎಲಿಗೆ ಬರ್ತಿತ್ತು. ಅವತ್ತು ಅನ್ನ ತಣ್ಣಗ ಕೊರೀತಿತ್ತು, ಸಾರಿನ ಮ್ಯಾಲೆ ತುಪ್ಪ ಹೆಪ್ಪುಗಟ್ಟಿತ್ತು. ಅವ್ವ ಉಂಡಳು. ನಾನೂ ಉಂಡೆ, ಇನ್ನೊಂದು ಸರ್ತಿ ಹಾಕಿಸಿಕೊಂಡೂ ಉಂಡೆ.